ಇಲ್ಲದ ಮೃದಂಗ

ನಾನು ನಿಂತಿದ್ದದ್ದು ಸಭಾಂಗಣದ ಎಡಗೋಡೆಯ ಎರಡನೇ ಕಿಟಕಿಯ ಪಕ್ಕ. ಕಳೆದ ಮಾರ್ಗಳಿಯ, ಅಂದರೆ ಧನುರ್ಮಾಸದ, ಒಂದು ಭಾನುವಾರ ಸಂಜೆ, ಕೊಯಮತ್ತೂರಿನಲ್ಲಿ. ವೇದಿಕೆಗೂ ನನಗೂ ನಡುವೆ ಒಂದು ಕಂಬವೂ ಇರಲಿಲ್ಲ. ಮುಂದಿನದಕ್ಕೆಲ್ಲ ಕಂಬದ ಮೇಲೆ ತಪ್ಪು ಹೊರಿಸುವಂತಿಲ್ಲ ಎಂದು ಇದನ್ನು ಮೊದಲೇ ಹೇಳುತ್ತಿದ್ದೇನೆ. ಉಳಿದಿದ್ದ ಒಂದೇ ಕುರ್ಚಿಯಲ್ಲಿ ಅಕ್ಕ ಪಾರ್ವತಿ ಕುಳಿತಿದ್ದಳು. ಮೊದಲು ಸಣ್ಣ ಸಂಗೀತ ಕಚೇರಿ, ಆಮೇಲೆ ಒಬ್ಬ ಮೆದುಳು ತಜ್ಞರಿಂದ ನೆನಪು ಮತ್ತು ಗ್ರಹಿಕೆಯ ಬಗ್ಗೆ ಉಪನ್ಯಾಸ. ಅಕ್ಕ ಸಂಗೀತಕ್ಕೆ ಬಂದಿದ್ದಳು, ನಾನು ಉಪನ್ಯಾಸಕ್ಕೆ. ಕೊನೆಯಲ್ಲಿದ್ದ ಬೋಂಡಕ್ಕೆ ಇಬ್ಬರೂ.

ವೀಣೆ, ಪಿಟೀಲು ಚೆನ್ನಾಗಿಯೇ ನಡೆದವು. ನಾನು ಕಿಟಕಿಯ ಕಟ್ಟೆಯ ಮೇಲೆ ತಾಳ ಹಾಕುತ್ತಾ ಕೇಳಿದೆ. ಆಮೇಲೆ ಡಾಕ್ಟರು ಎದ್ದು, "ಮೃದಂಗದವರ ಶಾಲು ಯಾವ ಬಣ್ಣ?" ಎಂದು ತಮಿಳಿನಲ್ಲಿ ಕೇಳಿದರು. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು. ಸಾಕ್ಷಿಗಳು ತಡವರಿಸಿದಾಗಲೆಲ್ಲ ಮನಸ್ಸಿನಲ್ಲೇ ನಕ್ಕವನು. ಕೈ ಎತ್ತಿ, "ಹಸಿರು, ಕೆಂಪು ಅಂಚು" ಎಂದೆ. ಡಾಕ್ಟರು ಪಕ್ಕಕ್ಕೆ ಸರಿದು ವೇದಿಕೆ ತೋರಿಸಿದರು. ಮೊದಲಿಂದಲೂ ಅಲ್ಲಿ ಮೃದಂಗದವರೇ ಇರಲಿಲ್ಲ. ಕಚೇರಿ ಎಂದರೆ ಮೃದಂಗ ಇದ್ದೇ ಇರುತ್ತದೆಂದು ಮನಸ್ಸೇ ಅವರನ್ನು ಕೂರಿಸಿ ಶಾಲನ್ನೂ ಹೊದಿಸುತ್ತದೆ, ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ ಎಂದು ಅವರು ವಿವರಿಸಿದರು. ಸಭೆ ನಗು ನಿಲ್ಲಿಸಿದ ಮೇಲೆ ನನಗೂ ಹಾಗೆಯೇ ಅನ್ನಿಸುತ್ತಿತ್ತೇನೋ. ಆದರೆ ಬಸ್ ಸ್ಟಾಪಿನಲ್ಲಿ ಅಕ್ಕ ಬಾಯಿಬಿಟ್ಟಳು.

"ತಂಬಿ, ಅಪ್ಪನ ಕೊನೇ ಮಾತೂ ಇದೇ ಮಾದ್ರಿ ಡಾ."

ನಮ್ಮ ಅಪ್ಪ ಕೈಮಗ್ಗದ ನೇಕಾರರು, ಮನೆಮಾತು ಕನ್ನಡ. ಆಸ್ಪತ್ರೆಯಲ್ಲಿ ಕೊನೆಯ ಬಾರಿ ಕಣ್ಣು ತೆರೆದು, ಬಾಗಿಲಲ್ಲಿದ್ದ ನನ್ನನ್ನು ನೋಡಿ "ಬಂದ್ಯಾ ಮಗಾ?" ಎಂದರು. ಆಮೇಲೆ ಮಾತಿಲ್ಲ. ಇದನ್ನು ನಾನು ನೆಂಟರ ಮದುವೆಗಳಲ್ಲೂ ಹೇಳಿದ್ದೇನೆ. ಜೀವನದಲ್ಲಿ ಅವರು ನನಗೆಂದೇ ಆಡಿದ ಮೆದು ಮಾತು ಅದೊಂದೇ.

"ಏನು ಇದೇ ಮಾದರಿ?" ಎಂದೆ.

"ಅಪ್ಪ ಹಾಗೆ ಹೇಳ್ಲೇ ಇಲ್ಲ. 'ವಂದುಟ್ಟಿಯಾಮ್ಮಾ' ಅಂದ್ರು, ಬಂದ್ಯಾ ಅಮ್ಮಾ ಅಂತ. ನಿನ್ ಹಿಂದೇನೇ ನರ್ಸ್ ಗಂಜಿ ಹಿಡ್ಕೊಂಡು ಬಂತಲ್ಲ, ಅದುಕ್ಕೆ ಹೇಳಿದ್ದು."

"ನಿನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ."

"ಕೇಳಿಸ್ಲಿ, ಬಿಡ್ಲಿ. ಹೊರಗಿನೋರು ಇದ್ದಾಗ ಅಪ್ಪ ಎಂದಾದ್ರೂ ಕನ್ನಡ ಮಾತಾಡಿದ್ರಾ ಡಾ?"

ತಮಿಳರ ಎದುರು ನಮ್ಮಷ್ಟಕ್ಕೆ ನಾವು ಕನ್ನಡ ಆಡಿದರೆ ಅವರನ್ನು ಹೊರಗಿಟ್ಟಂತೆ ಎಂದು ಅಪ್ಪ ಹೇಳುತ್ತಿದ್ದರು. ಹಾಲಿನವನು ಅಂಗಳದಲ್ಲಿದ್ದಾಗ ನಮಗೆ ಬೈಯುವುದಿದ್ದರೂ ತಮಿಳಿನಲ್ಲೇ ಬೈದವರು. ಜೀವ ಹೋಗುವಾಗ ಮಾತ್ರ ಮರ್ಯಾದೆ ಬಿಟ್ಟರು ಎನ್ನಲು ನಾಲಿಗೆ ಏಳಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀ ಹೇಳ್ಕೊಂಡು ಹೇಳ್ಕೊಂಡು ಅಳ್ತಿದ್ದಿ. ನಡುವೆ ನಾನೆಂಗೆ ತಮಿಳು ಸೇರಿಸ್ಲಿ?"

ನಗು ಬಂತು, ಪೂರ್ತಿ ಬರಲಿಲ್ಲ. ಅಂದಿನಿಂದ ಆ ದೃಶ್ಯವನ್ನು ಕರೆದಾಗಲೆಲ್ಲ ಅಪ್ಪನ ತುಟಿ ಅಲುಗುತ್ತದೆ, ಮಾತು ಯಾವ ಭಾಷೆಯದೆಂದು ತಿಳಿಯುವುದಿಲ್ಲ. ಕಣ್ಣು ನನ್ನ ಮೇಲಿತ್ತೋ, ನನ್ನ ಭುಜದ ಆಚೆಗಿತ್ತೋ, ಅದೂ ಈಗ ಖಚಿತವಿಲ್ಲ. ಹೋದ ವಾರ ಅಕ್ಕ ಆ ನರ್ಸಿನ ಫೋನ್ ನಂಬರ್ ಹುಡುಕಿ ತಂದಳು. "ಕೇಳಿಬಿಡೋಣ್ವಾ?" ಎಂದಳು. ಬೇಡ ಎಂದೆ, ಅವರಿಗೆ ವಯಸ್ಸಾಗಿರುತ್ತದೆ, ಪಾಪ, ಏನು ನೆನಪಿರುತ್ತದೆ.

ಆ ಕೋಣೆಯಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಬದುಕಿರುವವರು ಇಬ್ಬರೇ. ಅಕ್ಕ ಪಾರ್ವತಿ. ಸೂಲೂರಿನಲ್ಲಿ ಮಗಳ ಜೊತೆ ಇರುವ ನರ್ಸ್ ಸೆಲ್ವಿ, ನನಗಿಂತ ಚಿಕ್ಕವರು.