ಚೊಂಬಿನ ತುಂಬ ನೆಲನೆಲ್ಲಿ

ಪುಟ್ಟಲಿಂಗಯ್ಯ ಮಂಡಿನೋವಿಗೆ ಅಂತ ಅಂಗಡಿಯ ಮಾತ್ರೆಗಳನ್ನು ಕಡಲೆಪುರಿಯಂತೆ ಮುಕ್ಕಿ ಲಿವರ್ ಕೆಡಿಸಿಕೊಂಡ. "ಮಾತ್ರೆ ಬಿಡಿ. ರಿಪೋರ್ಟು ಸರಿಹೋಗೋವರೆಗೂ ಬಾಡು ಮುಟ್ಟಬೇಡಿ" ಎಂದುಬಿಟ್ಟರು ಕನಕಪುರದ ಡಾಕ್ಟರು. ಬಾಡಿಲ್ಲದ್ದೂ ಒಂದು ಬದುಕೇ! ಅದೂ ಕಬ್ಬಾಳಮ್ಮನ ಹರಕೆಯ ಟಗರು ಕೊಟ್ಟಿಗೆಯಲ್ಲಿ ಕೊಬ್ಬುತ್ತಿರುವಾಗ! ಮೆಣಸು ಹಾಕಿ ಹುರಿದ ಅದರ ಈಲಿಯನ್ನು (ಮನುಷ್ಯನಿಗಿದ್ದರೆ ಲಿವರ್, ಟಗರಿಗಿದ್ದರೆ ಈಲಿ) ಅವನು ಕನಸಿನಲ್ಲಿ ಆಗಲೇ ತಿಂದು ಕೈ ತೊಳೆದಿದ್ದ.

ಹೆಂಡತಿ ಕೃಷ್ಣಮ್ಮನ ವೈದ್ಯವೇ ಬೇರೆ. ದಿನಾ ಬೆಳಿಗ್ಗೆ ಚೊಂಬಿನ ತುಂಬ ನೆಲನೆಲ್ಲಿ ಕಷಾಯ!

"ಇದೇನೇ, ಯಮನ ಮನೆ ಪಾನಕನಾ?"

"ಲಿವರ್ ಉಳೀಬೇಕಾ ಬ್ಯಾಡ್ವಾ? ಸುಮ್ಕೆ ಕುಡೀರಿ."

"ಒಸಿ ಗಾಳೀಲಿ ಕುಂತ್ಕಂಡು ಕುಡೀತೀನಿ ತಡಿಯೇ" ಎಂದು ಕೊಟ್ಟಿಗೆಗೆ ಹೋಗಿ, ಟಗರಿನ ಬಾಯಿ ಅಗಲಿಸಿ ಕಷಾಯವನ್ನಷ್ಟೂ ಸುರಿದು, ಮೇಲೊಂದು ಚೂರು ಬೆಲ್ಲ ತಿನ್ನಿಸಿ ಬರುತ್ತಿದ್ದ. ಬರಬರುತ್ತ ಚೊಂಬು ಕಂಡೊಡನೆ ಟಗರೇ ಕತ್ತೆತ್ತಿ ಬಾಯಿ ತೆರೆಯತೊಡಗಿತು. ಎಂಥ ವಿಧೇಯ ರೋಗಿ!

ಕೊನೆಗೂ ರಿಪೋರ್ಟು ಸರಿಹೋಯಿತು. ಮಾತ್ರೆ ಬಿಟ್ಟದ್ದರಿಂದಲೇ ಎಂದರು ಡಾಕ್ಟರು. ಕೃಷ್ಣಮ್ಮ ಕೇಳಬೇಕಲ್ಲ! "ಎಲ್ಲಾ ನನ್ ಕಷಾಯದ ಮಹಿಮೆ ಕಣ್ರವ್ವಾ" ಎಂದು ಬೀದಿಗೆಲ್ಲ ಸಾರಿದಳು. ಪುಟ್ಟಲಿಂಗಯ್ಯ ಹೌದೌದೆಂದು ತಲೆಯಾಡಿಸಿದ. ಅವನಿಗೆ ಬೇಕಿದ್ದದ್ದು ಬಾಡೂಟ, ಅಷ್ಟೆ.

ಹರಕೆಯ ದಿನ ತೋಪಿನಲ್ಲಿ ನೆಂಟರು ಸೇರಿದರು, ಒಲೆ ಹೊತ್ತಿತು, ಮಸಾಲೆ ಅರೆದದ್ದಾಯಿತು. ನೀರೆರಚಿದಾಗ ಟಗರು ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಒದರದಿದ್ದರೆ ಮಚ್ಚು ಮುಟ್ಟುವ ಹಾಗಿಲ್ಲ. ಭಾವಮೈದ ಬೀರೇಶ್ ಅರಿಶಿನದ ನೀರಿನ ಚೊಂಬು ಹಿಡಿದು ಬಂದ.

ಟಗರು ಕತ್ತೆತ್ತಿ ಬಾಯಿ ತೆರೆಯಿತು.

ನೀರೆರಚಿದ. ನಾಲಿಗೆ ಚಾಚಿತು. ಇನ್ನೊಮ್ಮೆ ಎರಚಿದ. ಚಪ್ಪರಿಸಿಕೊಂಡು ಬಂದು ಪುಟ್ಟಲಿಂಗಯ್ಯನ ಜೇಬಿಗೆ ಮೂತಿ ತೂರಿಸಿ ಬೆಲ್ಲ ಹುಡುಕಿತು.

"ಒದರ್ಲಾ, ನಮ್ಮಪ್ಪಾ! ನಿನ್ ಕಾಲಿಗ್ ಬೀಳ್ತೀನಿ, ಒಂದ್ಸಲ ಒದರ್ಲಾ!" ಎಂದು ಪುಟ್ಟಲಿಂಗಯ್ಯ ಗೋಗರೆದ.

"ಇದೇನ್ ಭಾವ, ಚೊಂಬು ಕಂಡ್ರೆ ಬಾಯ್ ತಗೀತೈತೆ?" ಎಂದ ಬೀರೇಶ್.

ಕೃಷ್ಣಮ್ಮ ಟಗರನ್ನು ನೋಡಿದಳು, ಗಂಡನನ್ನು ನೋಡಿದಳು. ಎಲ್ಲವೂ ಅರ್ಥವಾಗಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅಮ್ಮ ಒಪ್ನಿಲ್ಲ. ಬುಟ್ಬುಡ್ಲಾ ಬೀರೇಶ, ಮನೆಗ್ ಹೊಡ್ಕಂಡೋಗು. ಮಸಾಲೆಗೆ ಅವರೇಕಾಳು ಹಾಕಿ ಸಾರು ಮಾಡ್ತೀನಿ. ನಾಳೆಯಿಂದ ಕಷಾಯ ನನ್ ಕಣ್ಮುಂದೇನೆ ಕುಡೀಬೇಕು ಇವರು!"

ಪಕ್ಕದ ಮನೆ ಕಾವೇರಮ್ಮ ಸುಮ್ಮನಿರಬೇಕಲ್ಲ. "ಅಲ್ಲ ಕಣಕ್ಕ, ಎಲ್ಲಾ ಕಷಾಯದ ಮಹಿಮೆ ಅಂತಿದ್ದೆ?" ಎಂದು ಕೆಣಕಿದಳು.

ಕೃಷ್ಣಮ್ಮ ಕುಣಿಯುತ್ತ ಮನೆಯತ್ತ ಹೊರಟಿದ್ದ ಟಗರನ್ನು ತೋರಿಸಿ ಹೇಳಿದಳು: "ಹೂಂ ಮತ್ತೆ! ಕುಡಿದೋರ ಲಿವರ್ ಉಳೀತಾ ಇಲ್ವಾ?"