ಲಾಂಡ್ರಿಯವರ ಕೆನ್ನೆಯ ಮಚ್ಚೆ

ಲಾಂಡ್ರಿಯವರ ಕೆನ್ನೆಯ ಮೇಲೆ ಅಂಗಿ ಗುಂಡಿಯಷ್ಟು ಬಿಳಿ ಮಚ್ಚೆ ಮೂಡಿದ್ದು ಹೋದ ವರ್ಷ. ಊರವರ ಬಟ್ಟೆಯ ಕಲೆಗಳನ್ನೆಲ್ಲ ಹೇಳಹೆಸರಿಲ್ಲದಂತೆ ತೆಗೆಯುವ ಅವರು ಇದೊಂದಕ್ಕೆ ಮಾತ್ರ ಕೈಚೆಲ್ಲಿ ಆಯುರ್ವೇದದ ಪಂಡಿತರ ಬಳಿ ಹೋಗಿದ್ದರು. ಪಂಡಿತರು ಬಾವಂಚಿ ಬೀಜದ ಎಣ್ಣೆ ಕೊಟ್ಟು, ಮಚ್ಚೆಯ ಮೇಲಷ್ಟೇ ಒಂದು ತೊಟ್ಟು ಸವರಿ ಎಳೆಬಿಸಿಲಲ್ಲಿ ಸ್ವಲ್ಪ ಹೊತ್ತು ಕೂರಬೇಕು, ತಿಂಗಳುಗಟ್ಟಲೆ ತಾಳ್ಮೆ ಬೇಕು, ವಾಸಿಯಾಗದಿದ್ದರೂ ಇದು ಯಾರಿಗೂ ಅಂಟುವುದಲ್ಲ ಎಂದಿದ್ದರು. ಲಾಂಡ್ರಿಯವರೂ ನೆಮ್ಮದಿಯಾಗಿ ಹಾಗೆಯೇ ಮಾಡಿಕೊಂಡು ಬಂದಿದ್ದರು.

ಆದರೆ ಆ ಭಾನುವಾರ ಸಂಜೆ, ಮಗಳು ಮೆಚ್ಚಿದ ಹುಡುಗನ ತಾಯಿ ಮೊದಲ ಸಲ ಮನೆಗೆ ಬರುವವರಿದ್ದರು. ಬೆಳಿಗ್ಗೆ ಗೇಟಿನ ಬಳಿ ಸಿಕ್ಕ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಆ ಕೆನ್ನೆಯನ್ನು ತಪ್ಪು ಲೆಕ್ಕ ನೋಡಿದಂತೆ ನೋಡಿ, ಹುಡುಗನ ಕಡೆಯವರು ಏನಂದುಕೊಂಡಾರು ಎಂದು ತಲೆಗೆ ಹುಳ ಬಿಟ್ಟರು. ಅಷ್ಟರಲ್ಲಿ ಹೆಂಡತಿಯ ತಮ್ಮನೂ ಬಂದ. ಒಂದು ತೊಟ್ಟಿಗೆ ತಿಂಗಳುಗಳು ಹಿಡಿದರೆ ಇಡೀ ಸೀಸೆಗೆ ಒಂದು ದಿನ ಸಾಕು ಎಂಬುದು ಅವನ ತರ್ಕ.

“ಪಂಡಿತರನ್ನ ಒಂದು ಮಾತು ಕೇಳ್ರೀ,” ಎಂದರು ಹೆಂಡತಿ.

“ಸಂಜೆ ಬರೋರು ಪಂಡಿತರಲ್ಲ,” ಎಂದು ಲಾಂಡ್ರಿಯವರು ಸೀಸೆ ಹಿಡಿದು ತಾರಸಿ ಹತ್ತಿದರು.

ಎರಡೂ ಕೆನ್ನೆಗೆ ಎಣ್ಣೆ ಮೆತ್ತಿಕೊಂಡು ಕೂತವರಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಮುಖ ಇಸ್ತ್ರಿಪೆಟ್ಟಿಗೆಯ ತಳದಂತೆ ಕಾದಿತ್ತು. ತಣ್ಣೀರು ಬಟ್ಟೆ ಇಟ್ಟರೂ ಉರಿ ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಕೆನ್ನೆ ಊದಿಕೊಂಡಿತು. ಮೇಷ್ಟ್ರೇ ಮುಂದೆ ನಿಂತು ಬ್ಯಾಂಡೇಜ್ ಸುತ್ತಿಸಿದರು, ಗಡ್ಡ ಹೆರೆಯುವಾಗ ಕೊಯ್ದಿತೆಂದು ಹೇಳುವಂತೆ ಪಾಠ ಮಾಡಿದರು, ಆಮೇಲೆ ಸಂಬಂಧ ಕುದುರುವ ತನಕ ಕದಲುವುದಿಲ್ಲ ಎಂಬಂತೆ ಕುರ್ಚಿ ಹಿಡಿದು ಕೂತರು.

ಹುಡುಗನ ತಾಯಿ ಬಂದರು. ಕೂತು, ಹೊದ್ದಿದ್ದ ಶಾಲು ತೆಗೆದರು. ಅವರ ಎರಡೂ ಕೈಗಳು ಬೆರಳಿನಿಂದ ಮೊಣಕೈವರೆಗೆ ಹಾಲಿನಂತೆ ಬೆಳ್ಳಗಿದ್ದವು.

“ನಿಮಗೂ ನನ್ನ ಹಾಗೇ ಇದೆ, ಆದ್ರೂ ಮುಚ್ಕೊಳ್ಳದೆ ಅಂಗಡೀಲಿ ಕೂರ್ತೀರಿ ಅಂತ ಮಗ ಹೇಳಿದ್ದ. ಅಂಥ ಮನೆ ಸಿಕ್ತಲ್ಲ ಅಂತ ಖುಷಿಯಾಗಿ ಬಂದೆ.”

ಲಾಂಡ್ರಿಯವರು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ನೆರವಿಗೆ ಧಾವಿಸಿದರು. “ಆಗದೋರು ಹಬ್ಬಿಸಿದ ಸುದ್ದಿ ಅದು. ಇವರ ಮೈಮೇಲೆ ಒಂದು ಚುಕ್ಕೆ ಕೂಡ ಇಲ್ಲ.”

ಆಕೆ ಶಾಲನ್ನು ಮತ್ತೆ ಕೈಗಳ ಮೇಲೆ ಎಳೆದುಕೊಂಡರು. ಅದನ್ನು ಕಂಡು ಲಾಂಡ್ರಿಯವರಿಗೆ ಕೆನ್ನೆಯ ಉರಿಯೇ ಮರೆತುಹೋಯಿತು. ತನಗೂ ಇದೆ ಎನ್ನುತ್ತ ಬ್ಯಾಂಡೇಜನ್ನು ಕಿತ್ತೆಸೆದರು.

ಕೆನ್ನೆಗಳು ಇಟ್ಟಿಗೆಯಂತೆ ಕೆಂಪಾಗಿದ್ದವು. ಹೆಂಡತಿ ಬಗ್ಗಿ ಹುಡುಕಿದರು. ಭಾವಮೈದ ಟಾರ್ಚ್ ಬಿಟ್ಟ. ಬಿಳುಪೆಂಬುದು ಎಲ್ಲಿಯೂ ಇಲ್ಲ.

“ಬೆಳಿಗ್ಗೆ ಇಲ್ಲೇ ಇತ್ತು,” ಎಂದರು ಲಾಂಡ್ರಿಯವರು, ಬೆರಳಿಟ್ಟು.

ಆಕೆಯೂ ಬಗ್ಗಿ ನೋಡಿದರು. “ಅವರು ಇಲ್ಲ ಅಂತಾರೆ, ನೀವು ಇದೆ ಅಂತೀರಿ. ನಿಮ್ಮ ಮಗಳ ಮೇಲೆ ನನಗೇನೂ ಬೇಸರ ಇಲ್ಲ. ಮಚ್ಚೆ ಕಂಡ ಮೇಲೆ ಹೇಳಿಕಳ್ಸಿ, ಆಗ ಕೂತು ಮಾತಾಡೋಣ,” ಎಂದು ಎದ್ದರು.

ಲಾಂಡ್ರಿಯವರು ಓಡಿಹೋದಾಗ ಪಂಡಿತರು ಇನ್ನೂ ಬಾಗಿಲು ಹಾಕಿರಲಿಲ್ಲ. ಕೆನ್ನೆ ನೋಡಿ ಮನಸಾರೆ ಬೈದು, ಉರಿ ತಣಿಯಲು ಲೇಪ ಕೊಟ್ಟು, ಇನ್ನು ಬಿಸಿಲಿಗೆ ಮುಖ ತೋರಿಸಕೂಡದು ಎಂದರು. ಲಾಂಡ್ರಿಯವರು ಹೊಸ್ತಿಲವರೆಗೆ ಹೋಗಿ ಹಿಂದಿರುಗಿದರು.

“ಪಂಡಿತರೇ, ಮಚ್ಚೆ ಬೇಗ ವಾಪಸ್ ಬರೋಕೆ ಏನಾದ್ರೂ ಕೊಡ್ತೀರಾ?”