ನೀಲವ್ವನಿಗೆ ನಾನು ಹೇಳಿದ ನಾಟಕ

ನೀಲವ್ವನ ಸೊಸೆಯನ್ನು ಮನೆಗೆ ತಂದದ್ದು ನಾಟಕವಲ್ಲ, ಮೈಕು. ನಾಟಕ ನೋಡಿ ನೀಲವ್ವನ ಮನಸ್ಸು ಕರಗಿತು ಎಂದು ತಿಕೋಟಾದ ಜನ ಹೇಳುತ್ತಾರೆ. ಹೇಳಲಿ. ಆಕೆಯ ಮನಸ್ಸು ಕರಗುವಂಥದ್ದಲ್ಲ. ನಮ್ಮೆರಡು ಮನೆಗಳಿಗೆ ನಡುವೆ ಒಂದೇ ಗೋಡೆ, ನನಗೆ ಗೊತ್ತಿಲ್ಲವೇ?

ನಾನು ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಆದರೆ ನಾಟಕದ ವಿಷಯದಲ್ಲಿ ನನ್ನ ಮಾತು ತೆಗೆದುಹಾಕುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ವಿಜಾಪುರಕ್ಕೆ ಯಾವ ಕಂಪನಿ ಬಂದು ತಗಡಿನ ಥೇಟರು ಹಾಕಿದರೂ ಮಗಳ ಮನೆಯಲ್ಲಿ ಇಳಿದುಕೊಂಡು ನೋಡಿ ಬರುತ್ತಿದ್ದೆ. ಆಮೇಲೆ ಓಣಿಯ ಹೆಂಗಸರು ಬಂದು, “ಯಕ್ಕಾ, ಹೋದ ಸಲ ನೋಡಿದ್ನೆಲ್ಲಾ, ಹಂತಾದ ಇನ್ನೊಂದು ಹೇಳ” ಎನ್ನುತ್ತಿದ್ದರು. ನಾಟಕದ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ನನಗೆ ಬೇಕೂ ಇರಲಿಲ್ಲ. “ಎಲ್ಲಿ ಕಣ್ಣೀರ ಬಂತು?” ಎಂದು ಕೇಳುತ್ತಿದ್ದೆ, ಅಷ್ಟೇ. ಸವತಿ ಬಂದಾಗ ಅತ್ತವಳಿಗೆ ಸವತಿಯ ನಾಟಕವೇ ಬೇಕು. ಅಣ್ಣತಮ್ಮಂದಿರು ಹೊಲ ಹರಿದುಕೊಳ್ಳುವಾಗ ಅತ್ತವಳಿಗೆ ಸವತಿಯನ್ನು ತೋರಿಸಿದರೆ ಕುಂತಲ್ಲೇ ನಿದ್ದೆ ಹೊಡೆಯುತ್ತಾಳೆ. ಒಬ್ಬಾಕೆ, ತಾನು ಎಲ್ಲಿಯೂ ಅಳಲಿಲ್ಲ, ಪೇಟಿ ಬಾರಿಸುವವನನ್ನೇ ನೋಡುತ್ತ ಕುಳಿತಿದ್ದೆ ಎಂದಳು. ನೀನು ಮನೆಯಲ್ಲೇ ಇರು ಎಂದೆ. ನಾನು ಹೇಳಿದ ನಾಟಕಕ್ಕೆ ಹೋಗಿ ಒಣಗಣ್ಣಿನಿಂದ ಬಂದವರು ಯಾರೂ ಇಲ್ಲ. ಇದು ಜಂಬವಲ್ಲ, ಇದ್ದದ್ದು.

ನೀಲವ್ವನ ಸೊಸೆ ಕಸ್ತೂರಿ ಹೆರಿಗೆಗೆಂದು ಬಬಲೇಶ್ವರದ ತವರಿಗೆ ಹೋದವಳು ಅಲ್ಲಿಯೇ ಉಳಿದುಬಿಟ್ಟಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕಸ್ತೂರಿಯ ತಾಯಿ ಗಂಗವ್ವ ತನಗೆ ಉಡಿಸಿದ ಸೀರೆಗೆ ರೇಶಿಮೆಯ ಸೆರಗಿರಲಿಲ್ಲವೆಂದು ನೀಲವ್ವ ಉಣ್ಣದೆ ಎದ್ದು ಬಂದಿದ್ದಳು. “ಅವರ ತಂದು ಬಿಡ್ಲಿ” ಎಂದು ಈಕೆ, “ಅವರ ಬಂದು ಕರಕೊಂಡು ಹೋಗ್ಲಿ” ಎಂದು ಆಕೆ. ಕೂಸು ಅಂಬೆಗಾಲಿಡುವಷ್ಟಾಗಿತ್ತು. ನೀಲವ್ವನ ಮಗ ಇಬ್ಬರಿಗೂ ಹೆದರಿ ಹೊಲದಲ್ಲೇ ಉಣ್ಣುತ್ತಿದ್ದ. ಇತ್ತ ನೀಲವ್ವ ಅಟ್ಟದ ತೊಟ್ಟಿಲು ಇಳಿಸಿ ಒರೆಸುವುದು, ಮತ್ತೆ ಏರಿಸುವುದು. ಗೋಡೆಯಾಚೆಯ ಆ ಸಪ್ಪಳ ಕೇಳಿ ನನಗೆ ಸಾಕಾಗಿತ್ತು.

ಒಂದು ದಿನ ಆಕೆಯೇ ಬಂದಳು. “ಮಗ ದಂಡಿಗೆ ಹೋಗೂ ನಾಟಕದಾಗ ಭಾಳ ಅತ್ತೇನಿ ಯಕ್ಕಾ. ಹಂತಾದ ಇನ್ನೊಂದು ಹೇಳ.”

“ಬಬಲೇಶ್ವರದಾಗ ಐತಿ, ನಡಿ” ಎಂದೆ. ಅದು ಸೊಸೆಯನ್ನು ಹೊರಗೆ ಹಾಕುವ ಅತ್ತೆಯ ನಾಟಕ. ತನ್ನನ್ನೇ ಅಲ್ಲಿ ಕಂಡು ನಾಚಿಕೊಳ್ಳಲಿ ಎಂಬುದು ನನ್ನ ಲೆಕ್ಕ. ಕೂಸನ್ನು ಕರೆದುಕೊಂಡು ಅದೇ ಆಟಕ್ಕೆ ಬನ್ನಿ ಎಂದು ಗಂಗವ್ವನಿಗೂ ಹೇಳಿಕಳಿಸಿದೆ.

ಸಂತೆಯ ದಿನ, ಮಧ್ಯಾಹ್ನದ ಆಟ. ಮುಂದಿನ ಜಮಖಾನೆಯ ಮೇಲೆ ಗಂಗವ್ವ, ಕಸ್ತೂರಿ, ಕೂಸು. ನೀಲವ್ವ ಅವರನ್ನು ಕಂಡವಳೇ ಮೋರೆ ಕಂಬದ ಕಡೆಗೆ ತಿರುಗಿಸಿದಳು. ನಾಟಕದ ಅತ್ತೆ ಸೊಸೆಯ ಕೂದಲು ಹಿಡಿದು ಹೊರಗೆ ನೂಕಿದಾಗ ಹೆಂಗಸರೆಲ್ಲ “ನಿನ್ನ ಕೈ ಸೇದಿಹೋಗ್ಲಿ” ಎಂದು ಬೈಯತೊಡಗಿದರು. ತಿರುಗಿ ನೋಡಿದರೆ ನೀಲವ್ವನ ಕಣ್ತುಂಬ ನೀರು. ನನ್ನ ಲೆಕ್ಕ ಎಂದಾದರೂ ತಪ್ಪಿದ್ದುಂಟೇ?

“ಪಾಪ, ಎಷ್ಟ ಸಂಕಟ ಆಗಾಕತ್ತೈತಿ ನೋಡ ಆಕಿಗೆ” ಎಂದಳು.

“ಹೌದ, ಸೊಸಿಗೆ.”

“ಅತ್ತಿಗೆ ಬೇ!”

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ಪಾತ್ರ ಮನಸ್ಸಿಗೆ ಬಂದರೆ ಆಟದ ನಡುವೆಯೇ ಉಡುಗೊರೆ, ಆಹೇರಿ ಕಳಿಸುತ್ತಾರೆ. ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುವವರೆಗೆ ರಾಜನಾದರೂ ಸುಮ್ಮನೆ ನಿಲ್ಲಬೇಕು. ನೀಲವ್ವ ಸಂತೆಯಲ್ಲಿ ಕೊಂಡ ಕುಪ್ಪಸದ ಖಣ ಕಳಿಸಿದಳು. “ತಿಕೋಟಾದ ನೀಲವ್ವನವರಿಂದ ಅತ್ತೆಯ ಪಾತ್ರಧಾರಿಗೆ ಒಂದು ಖಣ!” ಮುಂದೆ ಕುಳಿತ ಗಂಗವ್ವ ಸೆಟೆದು ಎದ್ದಳು. “ಬಬಲೇಶ್ವರದ ಗಂಗವ್ವನವರಿಂದ, ಬೀದಿಪಾಲಾದ ಸೊಸೆಗೆ, ಎರಡು ತೆಂಗಿನಕಾಯಿ!” ಸಿಟ್ಟಿಗೆ ನೀಲವ್ವ ಸಂತೆಚೀಲವನ್ನೇ ಎತ್ತಿ ಕೊಟ್ಟಳು. ಅಳಬೇಕಾದ ಸೊಸೆ ತೆಂಗಿನಕಾಯಿ ಹಿಡಿದು ನಿಂತಿದ್ದಳು, ಹೊಡೆಯಬೇಕಾದ ಅತ್ತೆಯ ಮಡಿಲಲ್ಲಿ ಬದನೆಕಾಯಿ. ಜನ ನಾಟಕ ಬಿಟ್ಟು ಇವರಿಬ್ಬರನ್ನೇ ನೋಡುತ್ತಿತ್ತು.

ನನ್ನ ಮಗಳ ಕೂಸಿಗೆಂದು ತಲೆಗೆ ಕಟ್ಟುವ ಕುಂಚಿಗೆಯೊಂದನ್ನು ಕೊಂಡಿದ್ದೆ. ಅದನ್ನು ಹಿಡಿದು ನೆಟ್ಟಗೆ ಮೈಕಿನವನ ಹತ್ತಿರ ನಡೆದೆ. ನಾನು ಹೇಳಿಕೊಟ್ಟಂತೆ ಅವನು ಕೂಗಿದ: “ತಿಕೋಟಾದ ನೀಲವ್ವನವರಿಂದ ತಮ್ಮ ಮೊಮ್ಮಗನಿಗೆ ಒಂದು ಕುಂಚಿಗೆ! ಸ್ವಂತ ಕೈಯಿಂದ ಹಾಕುತ್ತಾರೆ!”

ಮೈಕಿನಲ್ಲಿ ಹೆಸರು ಬಂದಮೇಲೆ ನಾನು ಕೊಟ್ಟಿಲ್ಲ ಎನ್ನುವ ಹೆಣ್ಣು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಥೇಟರಿನ ತಗಡು ಹಾರುವಂತೆ ಚಪ್ಪಾಳೆ. “ನಿನ್ನ ಬಾಯಿ ಸೇದಿಹೋಗ್ಲಿ” ಎಂದು ನನಗೆ ಹೇಳಿ ನೀಲವ್ವ ಎದ್ದಳು. ಕಸ್ತೂರಿ ತುಟಿ ಕಚ್ಚಿಕೊಂಡು ಕೂಸನ್ನು ಮುಂದೆ ಹಿಡಿದಳು. ಕುಂಚಿಗೆಯ ದಾರ ಕಟ್ಟುವಾಗ ಕೂಸು ಅಜ್ಜಿಯ ಮೂಗುತಿಗೇ ಕೈ ಹಾಕಿತು. “ಬಿಡಲೇ ಕಳ್ಳಾ” ಎಂದಳು ನೀಲವ್ವ. ಆದರೆ ಕೂಸನ್ನು ತಾನು ಬಿಡಲಿಲ್ಲ. ಆಟ ಮುಗಿಯುವ ಮೊದಲೇ ಎತ್ತಿಕೊಂಡು ಬಸ್ಸಿಗೆ ನಡೆದಳು. ಕೂಸಿಗೆ ಹಾಲು ಬೇಕಲ್ಲ, ಕಸ್ತೂರಿ ಹಿಂದೆ ಬಂದಳು. ಮನೆಯಿಂದ ಮಗಳ ಅರಿವೆಯ ಗಂಟು ಹೊತ್ತು ಗಂಗವ್ವ ಬಸ್ಸಿಗೆ ಓಡಿ ಬಂದಳು. ಕರಕೊಂಡು ಹೋದದ್ದೋ, ತಂದು ಬಿಟ್ಟದ್ದೋ, ಇಬ್ಬರೂ ತಾವೇ ಗೆದ್ದೆವು ಅಂದುಕೊಂಡರು.

ಉಣ್ಣುವಾಗ ಇದನ್ನೆಲ್ಲ ಎದೆಯುಬ್ಬಿಸಿ ನನ್ನ ಸೊಸೆ ಶಾಂತಾಳಿಗೆ ಹೇಳಿದೆ. ಅವಳು ಪಲ್ಯ ಬಡಿಸುತ್ತ ಕೇಳಿ, “ಛಲೋ ಆತ್ರಿ” ಎಂದಳು. ಮತ್ತೊಂದು ರೊಟ್ಟಿ ಹಾಕಿ, “ಅತ್ತಿ, ನಾಟಕ ಅಂದ್ರ ಹೆಂಗಿರ್ತೈತ್ರಿ? ನಾ ಒಂದೂ ನೋಡಿಲ್ಲ” ಎಂದಳು. ಹೌದು, ನಾನು ನಾಟಕಕ್ಕೆ ಹೋದಾಗ ಮನೆಯಲ್ಲಿ ರೊಟ್ಟಿ ಬಡಿಯುವವರು ಬೇಕಿತ್ತಲ್ಲ.

ಮರುದಿನ ಬೆಳಿಗ್ಗೆ ಹಿಟ್ಟಿನ ಪರಾತವನ್ನು ನನ್ನ ಕಡೆಗೆ ಎಳೆದುಕೊಂಡೆ. “ಬಬಲೇಶ್ವರಕ್ಕ ಹೋಗು. ಇವತ್ತೂ ಮಧ್ಯಾಹ್ನದ ಆಟ ಐತಿ. ಆ ಅತ್ತಿನ್ನ ನೋಡಿ ಬಾ, ನಾ ಎಷ್ಟ ಛಲೋ ಅದೀನಿ ತಿಳೀತೈತಿ” ಎಂದೆ.

ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, “ಕಡೀಕ ಆ ಅತ್ತಿ ಏನ ಮಾಡ್ತಾಳ್ರಿ?” ಎಂದು ಕೇಳಿದಳು.

“ಸೊಸಿ ಕಾಲಿಗೆ ಬೀಳ್ತಾಳ.”

“ಹಂಗಾದ್ರ ಪೂರಾ ನೋಡಿನ ಬರ್ತೇನ್ರಿ” ಎಂದು ಹೊರಟೇಬಿಟ್ಟಳು. ನಾನು ರೊಟ್ಟಿ ಬಡಿಯತೊಡಗಿದೆ. ಮೊದಲನೆಯದು ಹರಿಯಿತು.